ರೊಟ್ಟಿ ಹಿಟ್ಟಿಗೂ ಉಪ್ಪು ಹಾಕ್ತೀರಲ್ಲ!

ಜೋಳದ ರೊಟ್ಟಿಗೆ ನಮ್ಮ ರಾಯಚೂರು ಕಡೆ ಉಪ್ಪು ಹಾಕುವ ಪದ್ಧತಿಯೇ ಇಲ್ಲ. ಕುದಿಯುವ ನೀರು, ಹಿಟ್ಟು, ಕೈಯ ಕಸುವು, ಅಷ್ಟೇ. ಈಗಿನ ಹುಡುಗಿಯರು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿಕೊಂಡು ಎಸರಿಗೇ ಒಂದು ಚಮಚ ಉಪ್ಪು ಸುರಿಯುತ್ತಾರೆ. ಅನ್ನಕ್ಕೂ ಉಪ್ಪು, ಬೇಳೆಗೂ ಉಪ್ಪು, ಪಲ್ಯಕ್ಕೂ ಉಪ್ಪು. ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ. ಊಟಕ್ಕೆ ಕೂತ ಮೇಲೆ ಮತ್ತೆ ಉಪ್ಪಿನ ಡಬ್ಬಿ ಅಲ್ಲಾಡಿಸುತ್ತಾರೆ. ಆಮೇಲೆ ಮನೆಯಲ್ಲಿ ಇಬ್ಬರಿಗೆ ಬಿಪಿ ಬಂತು ಅಂತ ಗಾಬರಿ. ಬರದೆ ಏನು ಮಾಡುತ್ತದೆ?

ರೊಟ್ಟಿ ಸಪ್ಪೆ ಇರಬೇಕು. ಅದಕ್ಕೆ ಹಚ್ಚಿಕೊಂಡು ತಿನ್ನುವ ಪುಂಡಿಪಲ್ಯ, ಎಣ್ಣೆಗಾಯಿ, ಹಿಂಡಿ (ಚಟ್ನಿಪುಡಿ) ಇವುಗಳಲ್ಲೇ ಬೇಕಾದಷ್ಟು ಉಪ್ಪಿರುತ್ತದೆ. ಎರಡರಲ್ಲೂ ಉಪ್ಪಿದ್ದರೆ ನಾಲಿಗೆಗೆ ಯಾವುದೂ ತಿಳಿಯುವುದಿಲ್ಲ, ಇನ್ನಷ್ಟು ಬೇಕು ಅನ್ನುತ್ತದೆ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ತಲೆ ಸವರಿದ ಒಂದು ಟೀ ಚಮಚವೂ ಆಗುವುದಿಲ್ಲ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ಅಡುಗೆಯ ಉಪ್ಪಷ್ಟೇ ಅಲ್ಲ, ಬ್ರೆಡ್ಡು, ಬಿಸ್ಕತ್ತು, ಚಿಪ್ಸು, ನೂಡಲ್ಸು ಎಲ್ಲದರ ಉಪ್ಪೂ ಸೇರಿತು. ಸಂಜೆ ತಿನ್ನುವ ಮಂಡಕ್ಕಿ ಒಗ್ಗರಣೆ, ಮಿರ್ಚಿಯನ್ನು ಲೆಕ್ಕದಿಂದ ಬಿಡಬೇಡಿ ಮತ್ತೆ. ಉಪ್ಪಿನಲ್ಲಿರುವ ಸೋಡಿಯಂ ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾದಲ್ಲೂ ಇರುತ್ತದೆ. ಬಾಯಿಗೆ ಉಪ್ಪು ಅನಿಸದಿದ್ದರೂ ಮೈಗೆ ಲೆಕ್ಕ ಸಿಗುತ್ತದೆ.

ತೊಂದರೆ ಮಾಡುವುದು ಈ ಸೋಡಿಯಮ್ಮೇ. ಅದು ಹೋದಲ್ಲೆಲ್ಲ ನೀರನ್ನು ಹಿಡಿದಿಡುತ್ತದೆ. ಉಪ್ಪು ಜಾಸ್ತಿಯಾದರೆ ರಕ್ತನಾಳದಲ್ಲಿ ನೀರಿನ ಅಂಶ ಜಾಸ್ತಿ, ನಾಳದ ಗೋಡೆಗೆ ಒತ್ತಡ ಜಾಸ್ತಿ. ವರ್ಷಗಟ್ಟಲೆ ಹೀಗೇ ನಡೆದರೆ ನಾಳಗಳು ಪೆಡಸಾಗುತ್ತವೆ. ಇನ್ನು ಕಿಡ್ನಿ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸೋಸುಗಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬಹುಪಾಲು ಮತ್ತೆ ರಕ್ತಕ್ಕೇ ಕೊಟ್ಟು, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ತೆಳು ಬಟ್ಟೆಯಲ್ಲಿ ಹುಣಸೆರಸ ಸೋಸುವಾಗ ಒತ್ತಿ ಒತ್ತಿ ಹಿಂಡಿದರೆ ಎಳೆ ಸಡಿಲಾಗಿ ಚರಟವೂ ಇಳಿಯುತ್ತದಲ್ಲ, ಬಿಪಿ ಏರಿದಾಗ ಆ ಸೋಸುಗಗಳ ಗತಿಯೂ ಹಾಗೇ. ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಸೋತ ಕಿಡ್ನಿಗೆ ಉಪ್ಪನ್ನು ಹೊರಗೆ ಹಾಕುವುದಕ್ಕೂ ಆಗುವುದಿಲ್ಲ. ಉಪ್ಪು ಒಳಗೇ ಉಳಿದು ಬಿಪಿ ಇನ್ನೂ ಏರುತ್ತದೆ. ಅದು ಮತ್ತೆ ಕಿಡ್ನಿಯನ್ನೇ ಹಾಳು ಮಾಡುತ್ತದೆ.

ನಮ್ಮ ದೂರದ ಸಂಬಂಧಿಯೊಬ್ಬರು ಬಿಪಿ ಗುಳಿಗೆ ಬಿಟ್ಟುಬಿಟ್ಟಿದ್ದರು. ತಲೆ ಸುತ್ತಲ್ಲ, ನೋವಿಲ್ಲ, ಯಾಕೆ ನುಂಗಬೇಕು ಅಂತ. ಬಿಪಿ ಹೆಚ್ಚಾಗಿ ನೋಯುವ ರೋಗವಲ್ಲ ಅನ್ನುವುದು ಅವರಿಗೆ ಗೊತ್ತಾಗಿದ್ದು ಕಾಲು ಬಾತು, ಮೂತ್ರದಲ್ಲಿ ನೊರೆ ಕಾಣಿಸಿದ ಮೇಲೆ. ಈಗ ಡಯಾಲಿಸಿಸ್. ಇಷ್ಟು ಸಾಕು, ಜಾಸ್ತಿ ಹೇಳಿದರೆ ಅಜ್ಜಿ ಹೆದರಿಸುತ್ತಾಳೆ ಅನ್ನುತ್ತೀರಿ.

ಸರಿ, ಉಪ್ಪು ಕಡಿಮೆ ಮಾಡಿದರೆ ರುಚಿ ಇರೋದಿಲ್ಲ ಅಂತ ಮೂತಿ ಸೊಟ್ಟ ಮಾಡುವವರಿಗೆ ನನ್ನ ಶೇಂಗಾ ಹಿಂಡಿ ಹೇಳಿಕೊಡುತ್ತೇನೆ. ಮಿಕ್ಸಿಗೆ ಎಲ್ಲ ಒಟ್ಟಿಗೆ ಸುರಿದು ಗರ್ ಅನ್ನಿಸುವವರು ಇಲ್ಲಿಗೇ ನಿಲ್ಲಿಸಿ, ನಿಮಗಲ್ಲ ಇದು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಶೇಂಗಾ ಹುರಿಯಿರಿ. ಸಿಪ್ಪೆ ಬಿರಿದು, ಪರಿಮಳ ಪಡಸಾಲೆವರೆಗೂ ಬರಬೇಕು. ಕಪ್ಪು ಚುಕ್ಕೆ ಬಿದ್ದರೆ ಕಹಿಯಾಗುತ್ತದೆ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಸಿಪ್ಪೆ ಹಾರಿಸಿ. ಹುಣಸೆಹಣ್ಣನ್ನು ಎಳೆ ಎಳೆಯಾಗಿ ಬಿಡಿಸಿ ಬಿಸಿ ಹಂಚಿನ ಮೇಲೆ ಗರಿಗರಿಯಾಗುವವರೆಗೆ ಬಿಡಿ. ಹಸಿಯಾಗಿ ಹಾಕಿದರೆ ಹಿಂಡಿ ಮುದ್ದೆ ಕಟ್ಟುತ್ತದೆ. ಒಳಕಲ್ಲಿಗೆ ಮೊದಲು ಜೀರಿಗೆ, ಖಾರಪುಡಿ, ಹುಣಸೆ. ಅದು ನುಣ್ಣಗಾದ ಮೇಲೆ ಬೆಳ್ಳುಳ್ಳಿ, ಸಿಪ್ಪೆ ಸಮೇತ, ಕೈ ಬಿಗಿ ಮಾಡದೆ ಹಾಕಿ. ಶೇಂಗಾ ಕೊನೆಗೆ. ಅದನ್ನು ಪೂರ್ತಿ ಪುಡಿ ಮಾಡಬಾರದು. ಎಣ್ಣೆ ಬಿಟ್ಟು ಕೈಗೆ ಅಂಟುವಷ್ಟು, ಅಲ್ಲಲ್ಲಿ ಕಾಳು ಹಲ್ಲಿಗೆ ಸಿಗುವಷ್ಟು ಕುಟ್ಟಿದರೆ ಸಾಕು.

ಇಷ್ಟು ಹೊತ್ತು ಉಪ್ಪಿನ ಡಬ್ಬಿ ಮುಟ್ಟಿಲ್ಲ, ಗಮನಿಸಿದಿರಾ? ನಮ್ಮ ಅತ್ತೆ ಕುಟ್ಟುವಾಗಲೇ ಹರಳುಪ್ಪು ಹಿಡಿಗಟ್ಟಲೆ ಹಾಕುತ್ತಿದ್ದರು. ಬಿಸಿಲಲ್ಲಿ ಹೊಲದ ಕೆಲಸ ಮಾಡಿ ಬೆವರು ಸುರಿಸುವವರ ಊಟ ಅದು. ನೀವು ಫ್ಯಾನಿನ ಕೆಳಗೆ ಕೂತವರು. ಕುಟ್ಟಿದ್ದನ್ನು ಅಗಲ ತಟ್ಟೆಗೆ ಹರಡಿ, ಬಿಸಿ ಆರಿದ ಮೇಲೆ ಮೂರು ಬೆರಳಿನ ಚಿಟಿಕೆಯಲ್ಲಿ ಸಣ್ಣುಪ್ಪು ಎತ್ತಿ ಮೇಲಿಂದ ಉದುರಿಸಿ, ಬೆರಳ ತುದಿಯಿಂದ ಹಗುರಾಗಿ ಆಡಿಸಿ. ಕಾಳಿನ ಮೈಮೇಲೆ ಉಳಿದ ಉಪ್ಪು ನಾಲಿಗೆಗೆ ಮೊದಲು ತಾಗುತ್ತದೆ, ಅದಕ್ಕೆ ಸ್ವಲ್ಪದರಲ್ಲೇ ಸಾಕಾಗುತ್ತದೆ. ಹುಳಿ, ಬೆಳ್ಳುಳ್ಳಿ ಉಳಿದ ಕೆಲಸ ಮಾಡುತ್ತವೆ. ಆಗಲೇ ಅಂಗೈಗೆ ಹಾಕಿಕೊಂಡು ನೆಕ್ಕಬೇಡಿ! ಖಾರ, ಹುಳಿ ಹೊಂದಿಕೊಳ್ಳಲು ಒಂದು ರಾತ್ರಿ ಬೇಕು. ಮರುದಿನ ರೊಟ್ಟಿ ಜೊತೆ ತಿಂದು ನೋಡಿ, ಆಮೇಲೆ ಜಗಳಕ್ಕೆ ಬನ್ನಿ. ಇದೇ ತರಹ ಪಲ್ಯಕ್ಕೂ ಒಲೆ ಆರಿಸಿದ ಮೇಲೆ ಉಪ್ಪು ಹಾಕಿ, ಎರಡು ಹನಿ ನಿಂಬೆ ಹಿಂಡಿ. ಮೊದಲ ಕೆಲವು ವಾರ ಸಪ್ಪೆ ಅನಿಸುತ್ತದೆ. ನಾಲಿಗೆ ಹೊಂದಿಕೊಂಡ ಮೇಲೆ ಹೋಟೆಲಿನ ಊಟವೇ ಉಪ್ಪುಪ್ಪು ಅನಿಸುತ್ತದೆ.

ಹುಣಸೆ ಬಿಡಿಸಿದ ನಾರು, ಬೀಜ ಎಸೆಯಬೇಡಿ ಕಂಡ್ರಾ. ನಾರನ್ನು ನೀರಲ್ಲಿ ನೆನೆಸಿ, ಒಂದು ಹಿಡಿ ಹರಳುಪ್ಪು ಸೇರಿಸಿ ತಾಮ್ರದ ಕೊಡ ತಿಕ್ಕಿ. ತಕ್ಷಣ ತೊಳೆದು ಬಟ್ಟೆಯಲ್ಲಿ ಒರೆಸಿಡಿ, ಇಲ್ಲದಿದ್ದರೆ ಮಚ್ಚೆ ಕೂರುತ್ತದೆ. ಕೈ ತುಂಬ ಉಪ್ಪು ಬಳಸಬೇಕು ಅನ್ನುವ ಆಸೆ ಇದ್ದರೆ ಅಲ್ಲಿ ತೀರಿಸಿಕೊಳ್ಳಿ.

ಬಾಳಕದ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಇವನ್ನೆಲ್ಲ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಒಣಗಿಸುವ ಸಡಗರ ನನಗೂ ಇಷ್ಟ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ದಿನಾ ಕರಿದು ಹಾಕುವ ಪದಾರ್ಥ ಅಲ್ಲ ಅವು. ಬಂದವರಿಗೆ ಒಂದೊಂದು. ಮಜ್ಜಿಗೆಗೆ ಉಪ್ಪು ಬೇಕೇ ಬೇಕು ಅನ್ನುವವರು ಕೊತ್ತಂಬರಿ, ಶುಂಠಿ, ಇಂಗು ಹಾಕಿ ನೋಡಿ. ಮೇ ತಿಂಗಳ ಬಿಸಿಲಲ್ಲಿ ದಿನವಿಡೀ ದುಡಿಯುವವರ ಮಾತು ಬೇರೆ, ಅವರಿಗೆ ಬೆವರಲ್ಲಿ ಉಪ್ಪು ಹೋಗುತ್ತದೆ. ಬಿಪಿ, ಕಿಡ್ನಿ ತೊಂದರೆ ಇದ್ದೂ ಬಿಸಿಲಲ್ಲಿ ದುಡಿಯುವವರು ಎಷ್ಟು ಉಪ್ಪು ಅಂತ ಡಾಕ್ಟರನ್ನೇ ಕೇಳಬೇಕು.

ಇನ್ನೊಂದು ಹುಚ್ಚು ಗುಲಾಬಿ ಉಪ್ಪಿನದು. ದುಡ್ಡು ಜಾಸ್ತಿ ಕೊಟ್ಟು ತಂದು, ಇದು ಏನೂ ಮಾಡೋದಿಲ್ಲ ಅಜ್ಜಿ ಅಂತ ನನಗೇ ಪಾಠ. ಬಣ್ಣ ಯಾವುದಾದರೇನು, ಒಳಗಿರುವುದು ಅದೇ ಸೋಡಿಯಂ ಕ್ಲೋರೈಡ್. ಅಯೋಡಿನ್ ಬೆರೆಸಿದ ಸಾದಾ ಉಪ್ಪು ಸ್ವಲ್ಪ ಹಾಕಿ, ಮುಗೀತು. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಅಂತಲೂ ಸಿಗುತ್ತದೆ. ಅದರಲ್ಲಿ ಸೋಡಿಯಂ ಬದಲು ಸ್ವಲ್ಪ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಗಟ್ಟಿ ಕಿಡ್ನಿ ಇದ್ದವರಿಗೆ ಅದರಿಂದ ಒಳ್ಳೆಯದೇ. ಆದರೆ ಕಿಡ್ನಿ ಸೋತವರಿಗೆ ಆ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ನಿಲ್ಲುತ್ತದೆ, ಹೃದಯದ ಬಡಿತವೇ ತಪ್ಪಬಹುದು. ಕೆಲವು ಬಿಪಿ ಗುಳಿಗೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅಪ್ಪ ಅಮ್ಮನ ಮೇಲಿನ ಪ್ರೀತಿಗೆ ಆನ್‌ಲೈನಿನಲ್ಲಿ ತರಿಸಿ ಕಳಿಸುವ ಮಕ್ಕಳು ಮೊದಲು ಅವರ ಡಾಕ್ಟರಿಗೆ ಒಂದು ಫೋನ್ ಮಾಡಿ.

ಹಾಗೇ ವರ್ಷಕ್ಕೊಮ್ಮೆ ಬಿಪಿ ನೋಡಿಸುವಾಗ ಮೂತ್ರದಲ್ಲಿ ಅಲ್ಬುಮಿನ್ (ಸೋರಿಹೋಗುವ ಪ್ರೋಟೀನು), ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಗೆ ಹಾಕಬೇಕಾದ ಕಸ) ಎರಡನ್ನೂ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಂತೂ ತಪ್ಪಿಸಬೇಡಿ. ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ, ಮುಂದಿನ ವರ್ಷದ್ದಕ್ಕೆ ಹೋಲಿಸಿ ನೋಡಲು ಬೇಕಾಗುತ್ತದೆ.