ರಮ್ಮಿನೋಸ್ ಅಂದರೆ ಯಾವ ರಮ್ಮಿನೋಸ್?

ಸಾಕುಮೀನಿನ ಅಂಗಡಿಯ ಗಾಜಿನ ತೊಟ್ಟಿಯ ಮೇಲೆ ಬರೀ 'ರಮ್ಮಿನೋಸ್' ಅಂತ ಚೀಟಿ ಇತ್ತು. ಹನ್ನೆರಡು ಮೀನು ತಂದೆ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಬೆಳ್ಳಿ ಮೈ, ಬಾಲದಲ್ಲಿ ಕಪ್ಪು ಬಿಳಿ ಪಟ್ಟೆ. ಆದರೆ ಈ ಹೆಸರಿನಲ್ಲಿ ಮಾರಾಟವಾಗುವ ಜಾತಿಗಳು ಮೂರು. ರೋಡೊಸ್ಟೋಮಸ್‌ಗೆ 1924ರಲ್ಲಿ ಹೆಸರಿಟ್ಟರು, ಜಾರ್ಜಿಯೆಗೆ 1964ರಲ್ಲಿ, ಬ್ಲೆಹೆರಿಗೆ 1986ರಲ್ಲಿ. ಮೂರಕ್ಕೂ ಮೂತಿ ಕೆಂಪು. ನನ್ನ ತೊಟ್ಟಿಯಲ್ಲಿರುವುದು ಯಾವುದು ಅಂತ ಗೊತ್ತಾಗದೆ ಸಮಾಧಾನವೇ ಆಗಲಿಲ್ಲ.

ಮೊದಲ ದಿನವೇ ಫೋಟೋ ತೆಗೆದು ಹೆಸರು ಹಚ್ಚಿದ್ದು ನನ್ನ ತಪ್ಪು. ಕೆಂಪು ತಲೆಯಲ್ಲೇ ನಿಂತಂತೆ ಕಂಡಿತು, ರೋಡೊಸ್ಟೋಮಸ್ ಅಂದುಕೊಂಡೆ. ಆದರೆ ಹೆದರಿದ ಮೀನಿನ ಬಣ್ಣ ಮಾಸಿರುತ್ತದೆ, ಅದನ್ನು ನೋಡಿ ಏನೂ ಹೇಳಬಾರದು. ಬೋರ್‌ವೆಲ್‌ನ ಗಡಸು ನೀರಿಗೆ ಆರ್‌ಓ ನೀರು ಬೆರೆಸಿದೆ, ಕಾಡುಬಾದಾಮಿಯ ಒಣ ಎಲೆ ಎರಡು ಹಾಕಿದೆ. ಬ್ಲೆಹೆರಿಯ ಊರಾದ, ಅಮೆಜಾನಿನ ಉಪನದಿ ರಿಯೊ ನೀಗ್ರೊದಲ್ಲೂ ನೀರು ಮೆತ್ತಗೆ, ಚಹಾದ ಬಣ್ಣ. ಹತ್ತು ದಿನ ಸುಮ್ನೆ ಬಿಟ್ಟೆ.

ಹನ್ನೊಂದನೆಯ ಬೆಳಗ್ಗೆ ತೊಟ್ಟಿಯ ಮುಂದೆ ಕೂತಾಗ ಕಣ್ಣು ಅರಳಿತು. ಕುಂಕುಮ ಬಳಿದಂತೆ ತಲೆಗಳು! ಫ್ಲ್ಯಾಶ್ ಆರಿಸಿ, ಫೋನನ್ನು ಗಾಜಿಗೆ ನೇರವಾಗಿ ಹಿಡಿದು, ವಿಡಿಯೋ ಮಾಡಿ ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆ. ಮೊದಲು ಕಿವಿರಿನ ಮುಚ್ಚಳ. ಕೆಂಪು ಅದನ್ನು ದಾಟಿ, ಮೈಯ ಮೇಲೆ ಸ್ವಲ್ಪ ದೂರ ಚೂಪಾಗಿ ಹರಿದಿತ್ತು. ಇದು ಬ್ಲೆಹೆರಿಯ ಗುರುತು. ಉಳಿದೆರಡು ಜಾತಿಗಳಲ್ಲಿ ಕೆಂಪು ತಲೆ ಬಿಟ್ಟು ಹೆಚ್ಚು ಆಚೆ ಬರುವುದಿಲ್ಲ. ಆಮೇಲೆ ಬಾಲದ ನಡುವಿನ ಕಪ್ಪು ಪಟ್ಟೆ. ನನ್ನ ಮೀನುಗಳಲ್ಲಿ ಅದು ಬಾಲದ ಬುಡದಲ್ಲೇ ಮುಗಿಯುತ್ತಿತ್ತು. ಉಳಿದೆರಡರಲ್ಲಿ ಅಲ್ಲಿಂದ ಸಣ್ಣ ಕಪ್ಪು ಗೆರೆ ಮೈಯೊಳಗೆ ಮುಂದಕ್ಕೆ ಓಡುತ್ತದೆ. ಬಣ್ಣ ಏರಿಳಿಯುತ್ತದೆ, ಹಾಗಾಗಿ ನನಗೆ ಗೆರೆಯ ಮೇಲೆಯೇ ನಂಬಿಕೆ ಜಾಸ್ತಿ.

ಹುಡುಕುವವರಿಗೆ ಒಂದು ಮಾತು: ಬ್ಲೆಹೆರಿ, ರೋಡೊಸ್ಟೋಮಸ್ ಎರಡೂ ಹಳೆಯ ಪುಸ್ತಕಗಳಲ್ಲಿ ಹೆಮಿಗ್ರಾಮಸ್ ಅಂತಿವೆ. ಈಚೆಗೆ ಅವನ್ನೂ ಜಾರ್ಜಿಯೆ ಇರುವ ಪೆಟಿಟೆಲ್ಲಾ ಕುಲಕ್ಕೇ ಸೇರಿಸಿದ್ದಾರೆ.

ಹನ್ನೆರಡನ್ನೂ ನೋಡಿ ಮುಗಿಸಲು ಮೂರು ಬೆಳಗ್ಗೆ ಹಿಡಿಯಿತು. ಹನ್ನೊಂದು ಬ್ಲೆಹೆರಿ. ಒಂದರಲ್ಲಿ ಮಾತ್ರ ಕೆಂಪು ಕಿವಿರಿನಲ್ಲೇ ನಿಂತು, ಕಪ್ಪು ಗೆರೆ ಹೊಟ್ಟೆಯ ಹತ್ತಿರದವರೆಗೂ ಬಂದಿದೆ. ರೋಡೊಸ್ಟೋಮಸ್, ಜಾರ್ಜಿಯೆ ಇವೆರಡನ್ನು ಬರೀ ಫೋಟೋದಲ್ಲಿ ಬೇರೆ ಮಾಡುವುದು ಕಷ್ಟ. ಅದಕ್ಕೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಒಂದು ಮೀನಿನ ಮುಂದೆ 'ಬ್ಲೆಹೆರಿ ಅಲ್ಲ' ಎಂದಷ್ಟೇ ಬರೆದಿದ್ದೇನೆ. ಗುಂಪಿನಲ್ಲಿ ಅದೂ ಉಳಿದವುಗಳ ಜೊತೆಗೇ ತಿರುಗುತ್ತದೆ, ಅವು ಹೊರಳಿದ ಕಡೆಗೆ ತಾನೂ ಹೊರಳುತ್ತದೆ.