ಅಂಗಡಿ ಕೆಲಸದವರಿಗೆ ಕೂರಲು ಸ್ಟೂಲ್ ಹಾಕಿ

ಬಟ್ಟೆ ಅಂಗಡಿ ನಡೆಸುವವರಿಗೆ ಒಂದು ಮಾತು. ನಿಮ್ಮ ಸೇಲ್ಸ್ ಹುಡುಗಿಯರಿಗೆ ಕೂರಲು ಜಾಗ ಇದೆಯಾ? ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ ನಿಂತೇ ಇದ್ದರೆ ಕಾಲು ಊದಿಕೊಳ್ಳುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಸಂಜೆ ಗಿರಾಕಿ ಜಾಸ್ತಿ ಬರುವ ಹೊತ್ತಿಗೆ ಅವರಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಇನ್ನೊಂದು ಸೀರೆ ಬಿಚ್ಚಿ ತೋರಿಸಲು ಮನಸ್ಸು ಹೇಗೆ ಬರಬೇಕು ಹೇಳಿ?

ಅಂಗಡಿ ಕೆಲಸದವರಿಗೆ ಕೂರುವ ವ್ಯವಸ್ಥೆ ಇರಲೇಬೇಕು ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕೇರಳದಲ್ಲಿ ಅದಕ್ಕಾಗಿ ಹೋರಾಡಿದವರು ಬಟ್ಟೆ ಅಂಗಡಿಯ ಹೆಣ್ಣುಮಕ್ಕಳೇ. ನಮ್ಮ ಹುಡುಗಿಯರೂ ಹಾಗೆ ಹೋರಾಡುವವರೆಗೆ ನಾವು ಕಾಯಬೇಕಾ?

ನಾನು ಕೌಂಟರ್ ಹಿಂದೆ ಮೂರು ಸ್ಟೂಲ್ ಹಾಕಿಸಿದೆ. ಆದರೆ ಸುಮ್ನೆ ಹಾಕಿದರೆ ಯಾರೂ ಕೂರುವುದಿಲ್ಲ, ಮಾಲೀಕರು ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆ. "ಗಿರಾಕಿ ಇಲ್ಲದಾಗ ಕೂತ್ಕೊಳ್ಳಮ್ಮಾ" ಎಂದು ನಾಲ್ಕೈದು ದಿನ ನೀವೇ ಬಾಯಿಬಿಟ್ಟು ಹೇಳಬೇಕು. ಮ್ಯಾನೇಜರ್‌ಗೂ ಹೇಳಿಡಿ. ಅವರು ಗುರಾಯಿಸಿದರೆ ಸ್ಟೂಲ್ ಇದ್ದೂ ಇಲ್ಲದಂತೆ.

ಹಾಗೇ ಟಾಯ್ಲೆಟ್. ಹೋಗಲು ಪ್ರತಿ ಸಲ ಅನುಮತಿ ಕೇಳಬೇಕು ಅಂದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೇಸಿಗೆಯಲ್ಲಿ ಇದು ಅಪಾಯ, ಅಲ್ವಾ? ವಾರದ ರಜೆಯ ಪಟ್ಟಿಯನ್ನೂ ತಿಂಗಳ ಮೊದಲ ದಿನವೇ ಗೋಡೆಗೆ ಅಂಟಿಸಿಬಿಡಿ.