ದೊಡ್ಡವರಿಗೆ ಕ್ಯಾನ್ಸರ್ ಎಂಬ ಸುದ್ದಿ ಬಂದಾಗ ಓದುವುದು ಹೇಗೆ?

ದೊಡ್ಡ ಹುದ್ದೆಯಲ್ಲಿದ್ದ ಯಾರಿಗೋ ಕ್ಯಾನ್ಸರ್ ಎಂದು ಸುದ್ದಿ ಬಂದ ದಿನ ಹಾಸನದ ಹೋಟೆಲುಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು: ‘ಲಾಸ್ಟ್ ಸ್ಟೇಜಂತೆ, ಇನ್ನೆಷ್ಟು ದಿನ?’ ಅದೇ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಪಕ್ಕದ ಬೆಂಚಿನಲ್ಲೇ ಕೂತಿರಬಹುದು. ಆ ಮಾತು ಅವರ ಕಿವಿಗೂ ಬೀಳುತ್ತದೆ. ಆದ್ದರಿಂದ ಇಂಥ ಸುದ್ದಿಯನ್ನು ಹಂತಹಂತವಾಗಿ ಓದುವುದನ್ನು ಕಲಿಯೋಣ. ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರ ಸುದ್ದಿ 2025ರ ಮೇ ತಿಂಗಳಲ್ಲಿ ಬಂತು. ಅದನ್ನೇ ಮುಂದಿಟ್ಟುಕೊಳ್ಳೋಣ.

1. ಹೇಳಿದವರು ಯಾರು?

ಬೈಡನ್ ವಿಷಯವನ್ನು ಮೇ 18ರಂದು ಅವರ ಕಚೇರಿಯೇ ಪ್ರಕಟಿಸಿತು. ಅದು ಗಟ್ಟಿ ಸುದ್ದಿ. ‘ಬಲ್ಲ ಮೂಲಗಳು’ ಎಂದಿದ್ದರೆ ಕಾಯಿರಿ. ಕೆಲವು ಸಲ ಸರ್ಕಾರದ ಕಡೆಯಿಂದಲೂ ಪೂರ್ತಿ ವಿಷಯ ಬೇಗ ಹೊರಬರುವುದಿಲ್ಲ. ಗೋವಾ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರಿಕ್ಕರ್ 2018ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದರು. ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಅಲ್ಲಿನ ಆರೋಗ್ಯ ಸಚಿವರು ಬಹಿರಂಗವಾಗಿ ಹೇಳಿದ್ದು ಅಕ್ಟೋಬರಿನಲ್ಲಿ.

2. ಶುರುವಾದ ಜಾಗ ಯಾವುದು?

ಬೈಡನ್ ಅವರಿಗೆ ಬಂದಿದ್ದು ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್. ಅದು ಮೂಳೆಗೂ ಹರಡಿತ್ತು. ಹಾಗಂತ ಅದು ಮೂಳೆ ಕ್ಯಾನ್ಸರ್ ಅಲ್ಲ. ನಮ್ಮ ಕಡೆ ಆಲೂಗಡ್ಡೆ ಕಿತ್ತ ಹೊಲದಲ್ಲಿ ರಾಗಿ ಬಿತ್ತಿದರೆ ಅಲ್ಲೊಂದು ಇಲ್ಲೊಂದು ಆಲೂಗಡ್ಡೆ ಮೊಳೆಯುತ್ತದೆ. ರಾಗಿ ಹೊಲದಲ್ಲಿದೆ ಅಂತ ಅದು ರಾಗಿ ಆಗುತ್ತದಾ? ಡಾಕ್ಟರು ಔಷಧಿ ಕೊಡುವುದೂ ಶುರುವಾದ ಜಾಗ ನೋಡಿಕೊಂಡೇ. ಜಾಗವನ್ನೇ ಹೇಳದಿದ್ದರೆ ಸುಮ್ನೆ ಊಹೆ ಮಾಡಬೇಡಿ. 2024ರಲ್ಲಿ ಬ್ರಿಟನ್ ರಾಜ ಚಾರ್ಲ್ಸ್ ಅವರಿಗೆ ಪ್ರಾಸ್ಟೇಟ್ ಊತಕ್ಕೆ ಚಿಕಿತ್ಸೆ ನಡೆದಾಗ ಕ್ಯಾನ್ಸರ್ ಪತ್ತೆಯಾಯಿತು. ಎಲ್ಲರೂ ಪ್ರಾಸ್ಟೇಟ್ ಎಂದುಕೊಂಡರು. ಅದಲ್ಲ ಎಂದು ಅರಮನೆ ಹೇಳಬೇಕಾಯಿತು.

3. ಗ್ರೇಡ್ ಬೇರೆ, ಸ್ಟೇಜ್ ಬೇರೆ

ಜನ ಜಾಸ್ತಿ ಎಡವುವುದು ಇಲ್ಲೇ. ಬೈಡನ್ ಕುರಿತ ವರದಿಯಲ್ಲಿ ‘ಗ್ಲೀಸನ್ ಸ್ಕೋರ್ 9’ ಎಂದಿತ್ತು. 10ಕ್ಕೆ 9 ಅಂದರೆ 90 ಪರ್ಸೆಂಟ್ ಕ್ಯಾನ್ಸರ್ ತುಂಬಿದೆ ಎಂದು ಅರ್ಥ ಮಾಡಿಕೊಂಡವರಿದ್ದಾರೆ. ಹಾಗಲ್ಲ. ಪ್ರಾಸ್ಟೇಟಿನಿಂದ ಸಣ್ಣ ಚೂರು ತೆಗೆದು, ಅಂದರೆ ಬಯಾಪ್ಸಿ ಮಾಡಿ, ಕ್ಯಾನ್ಸರ್ ಕಣಗಳು ಹೇಗೆ ಜೋಡಣೆಯಾಗಿವೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಜೋಡಣೆ ಎಷ್ಟು ಕೆಟ್ಟಿದೆಯೋ ಅಷ್ಟು ದೊಡ್ಡ ಅಂಕಿ. ಸಾಮಾನ್ಯವಾಗಿ ಹೆಚ್ಚು ಕಾಣುವ ಜೋಡಣೆಗೆ ಒಂದು, ತೀರಾ ಕೆಟ್ಟ ಜೋಡಣೆಗೆ ಒಂದು, ಹೀಗೆ ಎರಡು ಅಂಕಿಗಳನ್ನು ಕೂಡಿಸಿ ಸ್ಕೋರ್ ಕೊಡುತ್ತಾರೆ. 4 ಮತ್ತು 5 ಸೇರಿದರೆ 9. ಈಗ ಕ್ಯಾನ್ಸರ್ ಎಂದು ಗುರುತಿಸುವ ಸ್ಕೋರ್ ಸಾಮಾನ್ಯವಾಗಿ 6ರಿಂದಲೇ ಶುರು, 10ಕ್ಕೆ ಮುಗಿಯುತ್ತದೆ. ಹಾಗಾಗಿ 6 ಎಂದರೆ ಮಧ್ಯಮ ಅಲ್ಲ, ತೀರಾ ನಿಧಾನದ್ದು. 9 ಎಂದರೆ ಬೇಗ ಬೆಳೆಯುವ ಸ್ವಭಾವದ್ದು.

ಇದು ಗ್ರೇಡ್. ಎಷ್ಟು ದೂರ ಹರಡಿದೆ ಎಂದು ಹೇಳುವುದು ಸ್ಟೇಜ್. ಬೈಡನ್ ಅವರದು ಮೂಳೆಗೆ ಹೋಗಿದ್ದರಿಂದ ನಾಲ್ಕನೇ ಸ್ಟೇಜ್. ‘ಲಾಸ್ಟ್ ಸ್ಟೇಜ್’ ಎನ್ನುವ ಮಾತು ಹುಟ್ಟುವುದು ಈ ನಾಲ್ಕರಿಂದ. ನಾಲ್ಕರ ಮುಂದೆ ಅಂಕಿ ಇಲ್ಲ ನಿಜ. ಆದರೆ ಅದು ಹರಡಿದ ದೂರದ ಲೆಕ್ಕ, ಉಳಿದ ದಿನಗಳ ಲೆಕ್ಕ ಅಲ್ಲ.

4. ಚಿಕಿತ್ಸೆಯ ಸಾಲನ್ನು ಹುಡುಕಿ

ಅದು ತಲೆಬರಹದಲ್ಲಿ ಸಿಗುವುದಿಲ್ಲ, ಕೆಳಗೆಲ್ಲೋ ಇರುತ್ತದೆ. ಬೈಡನ್ ಅವರ ಕ್ಯಾನ್ಸರ್ ಹಾರ್ಮೋನಿಗೆ ಸ್ಪಂದಿಸುವಂಥದ್ದು ಎಂದು ಆ ಹೇಳಿಕೆಯಲ್ಲೇ ಇತ್ತು. ಈ ಕ್ಯಾನ್ಸರ್ ಬೆಳೆಯಲು ಗಂಡಸರ ಹಾರ್ಮೋನ್ ಬೇಕು. ಇಂಜೆಕ್ಷನ್, ಮಾತ್ರೆಗಳಿಂದ ಅದನ್ನು ತಡೆದರೆ ಎಷ್ಟೋ ಜನರಲ್ಲಿ ಕಾಯಿಲೆ ವರ್ಷಗಟ್ಟಲೆ ಹತೋಟಿಯಲ್ಲಿರುತ್ತದೆ. ಪೂರ್ತಿ ವಾಸಿಯಾಗುವುದು ಕಷ್ಟ. ಎರಡೂ ನಿಜ, ಎರಡನ್ನೂ ಹೇಳಬೇಕು.

5. ಪರ್ಸೆಂಟೇಜ್ ಕಂಡರೆ ನಿಧಾನಿಸಿ

ಪ್ರಾಸ್ಟೇಟ್ ಕ್ಯಾನ್ಸರ್ ದೂರಕ್ಕೆ ಹರಡಿದ ಮೇಲೆ 5 ವರ್ಷ ದಾಟುವವರು ಸುಮಾರು ಮೂವರಲ್ಲಿ ಒಬ್ಬರು ಎನ್ನುತ್ತದೆ ಅಮೆರಿಕದ ಲೆಕ್ಕ. ಅದು ಕೆಲವು ವರ್ಷಗಳ ಹಿಂದೆ ಕಾಯಿಲೆ ಪತ್ತೆಯಾದವರ ಲೆಕ್ಕ. ಆಮೇಲೆ ಬಂದ ಔಷಧಿಗಳ ಫಲ ಅದರಲ್ಲಿ ಪೂರ್ತಿ ಸೇರಿರುವುದಿಲ್ಲ.

6. ‘ಮೊದಲೇ ಗೊತ್ತಿತ್ತು, ಮುಚ್ಚಿಟ್ಟರು’

ಅಧಿಕಾರದಲ್ಲಿರುವವರ ಆರೋಗ್ಯ ಜನರಿಗೆ ಗೊತ್ತಾಗಲೇಬೇಕು. ಮುಚ್ಚಿಟ್ಟ ಉದಾಹರಣೆಯೂ ಇದೆ. ಅಮೆರಿಕದ ರಕ್ಷಣಾ ಮಂತ್ರಿಯಾಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡರು. ಅಧ್ಯಕ್ಷರಿಗೇ ವಿಷಯ ತಿಳಿದದ್ದು ಜನವರಿಯಲ್ಲಿ. ಆಸ್ಟಿನ್ ಆಮೇಲೆ ಕ್ಷಮೆ ಕೇಳಿದರು. ಬೈಡನ್ ವಿಷಯದಲ್ಲಿ ಬಂದಿದ್ದು ಅನುಮಾನ. ಅವರು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿ.ಎಸ್.ಎ. ರಕ್ತ ಪರೀಕ್ಷೆ ಕೊನೆಗೆ ಮಾಡಿಸಿದ್ದು 2014ರಲ್ಲಿ ಎಂದು ಅವರ ಕಡೆಯವರು ಹೇಳಿದರು. 70 ದಾಟಿದವರಿಗೆ ಲಕ್ಷಣ ಇಲ್ಲದಿದ್ದರೆ ಆ ಪರೀಕ್ಷೆ ಬೇಡ ಎನ್ನುವುದೇ ಅಲ್ಲಿನ ತಜ್ಞ ಸಮಿತಿಯ ಸಲಹೆ. ಇದನ್ನು ಬಿಟ್ಟು ಬರೀ ಅನುಮಾನವನ್ನು ವಾಟ್ಸ್ಆ್ಯಪಿನಲ್ಲಿ ಹಂಚಬೇಡಿ.

7. ಆ ಸುದ್ದಿಯನ್ನು ಮನೆಯವರ ರಿಪೋರ್ಟಿಗೆ ಅಂಟಿಸಬೇಡಿ

ಅಪ್ಪನಿಗೋ ಮಾವನಿಗೋ ಪದೇಪದೇ ಮೂತ್ರಕ್ಕೆ ಹೋಗಬೇಕು ಅನಿಸುತ್ತಿದ್ದರೆ ವಯಸ್ಸಾದವರಲ್ಲಿ ಅದಕ್ಕೆ ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಪ್ರಾಸ್ಟೇಟ್ ಊತವೇ ಕಾರಣ. ಆದರೂ ತೋರಿಸಿ. ಕ್ಯಾನ್ಸರ್ ಎಂದೇ ಬಂದರೆ ಡಾಕ್ಟರನ್ನು ಕೇಳಿ: ಗ್ರೇಡ್ ಎಷ್ಟು, ಎಲ್ಲಿಯವರೆಗೆ ಹರಡಿದೆ, ಯಾವ ಔಷಧಿಗೆ ಬಗ್ಗುತ್ತದೆ? ಹಾಸನದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟರೆ ಬಯಾಪ್ಸಿ ರಿಪೋರ್ಟ್ ಒಂದೇ ಸಾಲದು. ಲ್ಯಾಬಿನಿಂದ ಬಯಾಪ್ಸಿಯ ಚೂರಿರುವ ಗಾಜಿನ ಸ್ಲೈಡ್, ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆದುಕೊಂಡು ಹೋಗಿ. ಅಲ್ಲಿ ಮತ್ತೊಮ್ಮೆ ನೋಡಲು ಅವು ಬೇಕಾಗಬಹುದು.